ಹಾಡು ಮಾಡುವ ಕೆಲಸ



ಒಂದು ಹಾಡಿನಿಂದ ಯಾರ ಹೊಟ್ಟೆ ತುಂಬಿತು, ಒಂದು ಕಥೆಯಿಂದ ಯಾರ ಸಾಲ ತೀರಿತು ಎಂದು ಕೇಳುವವರುಂಟು. ಅದು ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರವನ್ನು ದೂರದ ಸಿದ್ಧಾಂತಗಳಲ್ಲಿ ಅರಸುವುದಕ್ಕಿಂತ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಮ್ಮ ಸೀಮೆಯಲ್ಲಿಯೇ ಅರಸುವುದು ಮೇಲೆಂದು ನನಗೆ ತೋರುತ್ತದೆ.

ಮಾಗಡಿ ತಾಲ್ಲೂಕಿನಲ್ಲಿ ಮಂಚನಬೆಲೆ ಎಂಬ ಊರಿದೆ. ಅರ್ಕಾವತಿ ನದಿಗೆ ಅಲ್ಲಿ ಕಟ್ಟಿರುವ ಜಲಾಶಯವನ್ನು ನೋಡಲು ಹೋಗುವವರು ಬಹಳ ಮಂದಿ. ಕವಿ ಸಿದ್ಧಲಿಂಗಯ್ಯನವರು 1954ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ, ದಲಿತ ಕುಟುಂಬವೊಂದರಲ್ಲಿ. ಅವರ ಆತ್ಮಕಥೆ ‘ಊರುಕೇರಿ’ಯ ಆರಂಭದಲ್ಲಿ ಒಂದು ಚಿತ್ರ ಬರುತ್ತದೆ. ಬಾಲಕನೊಬ್ಬ ಹೊಲದ ಕಡೆ ನೋಡುತ್ತಾನೆ. ಎತ್ತುಗಳಿರಬೇಕಾದ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಮತ್ತೊಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಆ ಬಾಲಕನ ತಂದೆ. ಲೇಖಕರು ಅಲ್ಲಿ ಕೂಗುವುದಿಲ್ಲ, ಯಾರನ್ನೂ ಶಪಿಸುವುದಿಲ್ಲ. ಕಂಡದ್ದನ್ನು ಹೇಳಿ ಮುಂದಕ್ಕೆ ಹೋಗುತ್ತಾರೆ. ಅಷ್ಟೇ ಅಲ್ಲ, ಮುಂದಿನ ಪುಟಗಳಲ್ಲಿ ನಮ್ಮನ್ನು ನಗಿಸುತ್ತಾರೆ ಕೂಡ.

ನಾನೂ ಇದೇ ಸೀಮೆಯ ಹಳ್ಳಿಯೊಂದರಲ್ಲಿ ಬೆಳೆದವನು. ನಮ್ಮದು ಊರ ನಡುವಿನ ಮನೆ. ಕೇರಿ ಇರುವ ದಿಕ್ಕು ಗೊತ್ತಿತ್ತು. ಅಲ್ಲಿಗೆ ಹೋಗುವ ದಾರಿಯನ್ನು ನಾನು ತುಳಿದಿರಲಿಲ್ಲ. ಆ ಪುಟವನ್ನು ಓದಿದ ರಾತ್ರಿ ನನಗೊಂದು ವಿಷಯ ಹೊಳೆಯಿತು. ನಮ್ಮ ಮನೆಯ ಎತ್ತುಗಳ ಹೆಸರು ನನಗಿನ್ನೂ ನೆನಪಿತ್ತು. ಆ ಎತ್ತುಗಳನ್ನು ಹೂಡಿ ನಮ್ಮ ಹೊಲವನ್ನು ಉತ್ತವರ ಹೆಸರು ನೆನಪಿರಲಿಲ್ಲ.

ಬರಹ ಮಾಡುವ ಮೊದಲ ಕೆಲಸ ಇದು. ಅದು ಓದುಗನನ್ನು ಸಾಕ್ಷಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ. ಅಂಕಿ ಅಂಶಗಳನ್ನು ಒಪ್ಪಿಯೂ ಮರೆಯಬಹುದು. ಕಣ್ಣಾರೆ ಕಂಡಂತಾದುದನ್ನು ಮರೆಯುವುದು ಅಷ್ಟು ಸುಲಭವಲ್ಲ.

ಆದರೆ ಓದು ಬಾರದವರ ಪಾಡೇನು? ಹಾಡಿನ ಕೆಲಸ ಅಲ್ಲಿಂದ ಮೊದಲಾಗುತ್ತದೆ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದರಿಂದ ನಾಡಿನಲ್ಲಿ ದೊಡ್ಡ ಗದ್ದಲವೆದ್ದು, ಅವರು ಪದವಿಯನ್ನು ಬಿಡಬೇಕಾಯಿತು. ಆ ಮಾತಿಗೆ ನಿಜವಾದ ಉತ್ತರ ಬಂದದ್ದು ವಾದಗಳಿಂದಲ್ಲ, ಹೊಸ ಕೃತಿಗಳಿಂದ. 1975ರಲ್ಲಿ ‘ಹೊಲೆಮಾದಿಗರ ಹಾಡು’, 1979ರಲ್ಲಿ ‘ಸಾವಿರಾರು ನದಿಗಳು’ ಹೊರಬಂದವು. ಅದೇ ದಶಕದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಮೆರವಣಿಗೆಗಳಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳು ತಮಟೆಯೊಡನೆ ಊರೂರು ಸುತ್ತಿದವು. ಸ್ವಾತಂತ್ರ್ಯ ಯಾರ ಮನೆಗೆ ಬಂತೆಂದು ಕೇಳುವ ಅವರ ಹಾಡನ್ನು ಪುಸ್ತಕದಲ್ಲಿ ಓದಿದವರಿಗಿಂತ ಬಯಲಿನಲ್ಲಿ ಕೇಳಿದವರೇ ಹೆಚ್ಚಿರಬೇಕು.

ಇದು ಹೇಗೆ ಸಾಧ್ಯವಾಯಿತು? ಹಾಡಿನ ನುಡಿ ಆಡುಮಾತಿಗೆ ಹತ್ತಿರವಾಗಿತ್ತು. ಪಲ್ಲವಿ ಮರಳಿ ಮರಳಿ ಬರುತ್ತಿತ್ತು. ಒಬ್ಬ ಹಾಡಿದರೆ ನೂರು ಜನ ದನಿಗೂಡಿಸಬಹುದಾಗಿತ್ತು. ಒಬ್ಬೊಬ್ಬನೇ ನುಂಗಿಕೊಂಡಿದ್ದ ಅವಮಾನವನ್ನು ನೂರು ಜನ ಒಟ್ಟಿಗೆ ಹಾಡಿದಾಗ, ಅದು ಒಬ್ಬನ ಹಣೆಬರಹವಾಗಿ ಉಳಿಯುವುದಿಲ್ಲ. ಎಲ್ಲರೂ ಕೂಡಿ ಕೇಳುವ ಪ್ರಶ್ನೆಯಾಗುತ್ತದೆ.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ನೆರೆಯ ಮಳವಳ್ಳಿ, ಕೊಳ್ಳೇಗಾಲಗಳ ಕಡೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಮಂಟೇಸ್ವಾಮಿಯ ಕಥೆಯನ್ನು ಹಾಡುತ್ತಾರೆ. ಆ ಕಥೆಯಲ್ಲಿ ಗುರುವು ಕೊಳಕು ವೇಷದಲ್ಲಿ ಕಲ್ಯಾಣಕ್ಕೆ ಬಂದು ಅಲ್ಲಿಯ ಶರಣರ ನಿಷ್ಠೆಯನ್ನೇ ಒರೆಗೆ ಹಚ್ಚುತ್ತಾನೆ. ಬಾಗಿಲಲ್ಲಿ ನಿಂತವನನ್ನು ಒಳಗೆ ಬಿಟ್ಟುಕೊಳ್ಳುವಿರಾ ಎಂಬ ಪ್ರಶ್ನೆಯನ್ನು ಅಕ್ಷರ ಕಲಿಯದ ಗಾಯಕರು ತಲೆಮಾರುಗಳಿಂದ ಕೇಳುತ್ತಲೇ ಬಂದಿದ್ದಾರೆ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕಕ್ಕೆ ಹೋದವರಿಗೆ, ಈ ಪರಂಪರೆಯ ಹರಹು ಎಷ್ಟೆಂಬುದು ಮನವರಿಕೆಯಾದೀತು.

ಹಾಗೆಂದು ಹಾಡಿಗೆ ಇಲ್ಲದ ಶಕ್ತಿಯನ್ನು ಆರೋಪಿಸಬಾರದು. ಹಾಡು ಭೂಮಿಯನ್ನು ಹಂಚುವುದಿಲ್ಲ. ಅದಕ್ಕೆ ಕಾನೂನು ಬೇಕು, ಸಂಘಟನೆ ಬೇಕು. ಸಿದ್ಧಲಿಂಗಯ್ಯನವರೇ 1988ರಲ್ಲಿ ವಿಧಾನ ಪರಿಷತ್ತನ್ನು ಪ್ರವೇಶಿಸಿದರು. ಆದರೆ ಕಾನೂನು ಕಾಣಬೇಕಾದ ಮನುಷ್ಯನನ್ನು ಮೊದಲು ಯಾರಾದರೂ ತೋರಿಸಬೇಕಲ್ಲ. ಆ ಕೆಲಸ ಹಾಡಿನದು, ಕಥೆಯದು.

2021ರ ಜೂನ್ 11ರಂದು ಕವಿ ತೀರಿಕೊಂಡರು. ಆ ಸುದ್ದಿ ಕೇಳಿದ ಮೇಲೆ ನಾನು ಊರಿಗೆ ಹೋದಾಗ, ನಮ್ಮ ಹೊಲ ಉಳುತ್ತಿದ್ದವರು ಯಾರೆಂದು ಅಮ್ಮನನ್ನು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ಮೂರು ಹೆಸರು ಹೇಳಿದಳು. ನಾಲ್ಕನೆಯವರ ಹೆಸರು ಅವಳಿಗೂ ನೆನಪಾಗಲಿಲ್ಲ. “ಕೇರಿಗೆ ಹೋಗಿ ಕೇಳು, ಅವರ ಮಕ್ಕಳು ಇದ್ದಾರೆ” ಎಂದಳು.

ಹೋಗಿ ಕೇಳಿದೆ. ಆ ದಾರಿ ನಮ್ಮ ಮನೆಯಿಂದ ಐದು ನಿಮಿಷದ್ದು.