ಊಟಿ ಬೆಟ್ಟ ಹತ್ತಿದ ಹಳೆಯ ಕಾಫಿ ಯಂತ್ರ

ಮದುವೆ ಮನೆಗಳಲ್ಲಿ ಬುಸ್ಸೆಂದು ಹಬೆ ಬಿಟ್ಟು ಹಾಲಿಗೆ ನೊರೆ ಬರಿಸುವ ಯಂತ್ರವನ್ನು ‘ಎಕ್ಸ್‌ಪ್ರೆಸ್ಸೋ’ ಎಂದು ಕರೆಯುವುದು ನಮಗೆಲ್ಲ ರೂಢಿ. ನಿಜವಾದ ಎಸ್ಪ್ರೆಸ್ಸೋ ಯಂತ್ರ ಬೇರೆಯೇ. ಉದ್ದನೆಯ ಲಿವರ್ ಇರುವ ಅಂಥದೊಂದು ಹಳೆಯ ಯಂತ್ರ ಉದಕಮಂಡಲದ ನಮ್ಮ ಧರ್ಮಕೇಂದ್ರದ ಕುಟುಂಬವೊಂದರ ಕೈಸೇರಿತು. ವಿಧವೆ ತಾಯಿ ಬಳೆಗಳನ್ನು ಅಡವಿಟ್ಟು ಹಣ ಹೊಂದಿಸಿದ್ದರು. ಮಗ ಕರಾವಳಿಯಲ್ಲಿ ಮುಚ್ಚಿಹೋದ ಹೋಟೆಲೊಂದರಿಂದ ಅದನ್ನು ಹೊತ್ತು ತಂದಿದ್ದ. ಮೇ ತಿಂಗಳಲ್ಲಿ ಸಸ್ಯೋದ್ಯಾನದ ಪುಷ್ಪ ಪ್ರದರ್ಶನಕ್ಕೆ ಜನ ಸೇರುವ ಮೊದಲೇ ಅಂಗಡಿ ತೆರೆಯಬೇಕೆಂಬುದು ಅವರ ಆಸೆ.

“ಸ್ವಾಮಿ, ಗುರುಮಠದಲ್ಲಿ ನೀರಿನ ಪಂಪು ಬಿಚ್ಚಿ ಜೋಡಿಸ್ತಿದ್ದೆ ಅಂತ ಹೇಳಿದ್ರಲ್ಲ, ಇದನ್ನೂ ಒಂದು ಸಲ ನೋಡಿ” ಎಂದರು ತಾಯಿ. ಇಲ್ಲವೆನ್ನಲಾಗಲಿಲ್ಲ.

ಈ ಯಂತ್ರದ ಮೂಲ ಇಟಲಿ. ಹಬೆಯ ಒತ್ತಡ ಒಂದರಿಂದಲೇ ಕಾಫಿ ಇಳಿಸುವ ಯಂತ್ರಕ್ಕೆ ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟ್ ಪಡೆದರು. ಅದೇ ನಗರದ ಅಕಿಲ್ಲೆ ಗಾಜ್ಜಿಯಾ ಎರಡನೆಯ ಮಹಾಯುದ್ಧದ ನಂತರ ಲಿವರ್ ಮತ್ತು ಸ್ಪ್ರಿಂಗನ್ನು ಬಳಕೆಗೆ ತಂದರು. ಲಿವರ್ ಕೆಳಗೆಳೆದಾಗ ಸ್ಪ್ರಿಂಗ್ ಕುಗ್ಗಿ, ಬಿಸಿನೀರು ಪಿಸ್ಟನ್ನಿನ ಅಡಿಗೆ ಬರುತ್ತದೆ. ಕೈ ಸಡಿಲಿಸಿದಾಗ ಸ್ಪ್ರಿಂಗ್ ಆ ನೀರನ್ನು ಸುಮಾರು 8-9 ಬಾರ್ ಒತ್ತಡದಲ್ಲಿ ಕಾಫಿಪುಡಿಯ ಮೂಲಕ ನೂಕುತ್ತದೆ. ಹಬೆಗೆ ಇರುವುದು ಒಂದೆರಡು ಬಾರ್ ಮಾತ್ರ. ಕಾಫಿಯ ಮೇಲೆ ಕಟ್ಟುವ ಹೊಂಬಣ್ಣದ ನೊರೆ ಈ ಒತ್ತಡದ ಫಲ.

ನಾವು ಮೊದಲು ನೋಡಿದ್ದು ವಿದ್ಯುತ್ತನ್ನು. ಪ್ಲಗ್ ತೆಗೆದು ಹೀಟರ್ ಕಾಯಿಲನ್ನು ಮೀಟರಿನಲ್ಲಿ ಅಳೆದೆವು. 230 ವೋಲ್ಟಿನಲ್ಲಿ 2000 ವಾಟಿನ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು, ತೋರಿಸಿತು. ಆದರೆ ಅರ್ಥ್ ತಂತಿ ತುಂಡಾಗಿತ್ತು. ನೀರು, ಲೋಹ, ವಿದ್ಯುತ್ತು ಮೂರೂ ಸೇರಿದ ಕಡೆ ಅರ್ಥ್ ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಅದನ್ನು ಸರಿಪಡಿಸಿದೆವು.

ಎರಡನೆಯದು ಸೋರಿಕೆ. ಲಿವರ್ ಎಳೆದರೆ ಪಿಸ್ಟನ್ನಿನ ಮೇಲುಭಾಗದಿಂದ ನೀರು ಜಿನುಗುತ್ತಿತ್ತು. ಒಳಗಿನ ರಬ್ಬರ್ ವಾಷರುಗಳು ಬಿಸಿಗೆ ಕಲ್ಲಾಗಿದ್ದವು. ಅಳತೆಗೆ ಸರಿಯಾದ ಹೊಸ ವಾಷರ್ ಹಾಕಿ, ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸ್ ಸವರಬೇಕು. ಸೈಕಲ್ಲಿನ ಗ್ರೀಸ್ ಕೂಡದು. ಇಲ್ಲೊಂದು ಎಚ್ಚರಿಕೆ: ಕುಗ್ಗಿ ಕೂತ ಸ್ಪ್ರಿಂಗನ್ನು ಬಲ್ಲವರು ಮಾತ್ರ, ಸರಿಯಾದ ಹಿಡಿತದ ಸಾಧನದಿಂದ ಬಿಚ್ಚಬೇಕು. ಪುಡಿ ತುಂಬದೆ ಲಿವರ್ ಎಳೆದು ಬಿಟ್ಟರೂ ಅದು ರಪ್ಪನೆ ಮೇಲೆದ್ದು ದವಡೆಗೆ ಬಡಿದೀತು.

ಮೂರನೆಯದು ಬಾಯ್ಲರಿನ ಒಳಗೆ ಕಟ್ಟಿದ ಸುಣ್ಣ. ಇದು ಬಿಸಿಯನ್ನು ತಡೆದು ಕಾಯಿಲನ್ನು ಸುಡುತ್ತದೆ. ಸಿಟ್ರಿಕ್ ಆಮ್ಲದ ತೆಳು ದ್ರಾವಣದಲ್ಲಿ ನೆನೆಸಿ, ಹಲವು ಬಾರಿ ತೊಳೆದೆವು.

ಆಗ ಕಣ್ಣಿಗೆ ಬಿತ್ತು ನಿಜವಾದ ರೋಗ. ಒತ್ತಡ ಮಿತಿಮೀರಿದರೆ ಹಬೆಯನ್ನು ಹೊರಬಿಡಬೇಕಾದ ಸೇಫ್ಟಿ ವಾಲ್ವ್ ಇತ್ತಲ್ಲ, ಅದು ಸೋರುತ್ತಿದೆಯೆಂದು ಯಾರೋ ಅದನ್ನು ತೆಗೆದು, ಆ ಜಾಗಕ್ಕೆ ಬೋಲ್ಟ್ ಬಿಗಿದಿದ್ದರು! ಒತ್ತಡ ನಿಯಂತ್ರಿಸುವ ಸ್ವಿಚ್ ಒಮ್ಮೆ ಅಂಟಿಕೊಂಡರೆ ಸಾಕು, ಬಾಯ್ಲರ್ ಬಾಂಬಾಗುತ್ತದೆ.

“ಪ್ರದರ್ಶನ ಮುಗಿಯೋವರೆಗೆ ಹೀಗೇ ಓಡಿಸೋಣ ಸ್ವಾಮಿ, ಆಮೇಲೆ ಹಾಕಿಸ್ತೀನಿ” ಎಂದ ಮಗ. ಅವನ ಕಷ್ಟ ನನಗೆ ತಿಳಿಯದ್ದೇನಲ್ಲ, ವರ್ಷದ ಗಳಿಕೆಯ ದಿನಗಳವು. ನಾನು ಉತ್ತರ ಹುಡುಕುವಷ್ಟರಲ್ಲಿ ತಾಯಿಯೇ, “ಬಳೆ ಹೋದ್ರೆ ಹೋಗ್ಲಿ ಮಗಾ, ಅಂಗಡಿ ಮುಂದೆ ನಿಲ್ಲೋರೂ ಯಾರೋ ಹೆತ್ತ ಮಕ್ಕಳೇ” ಎಂದರು. ಯಂತ್ರ ಕೊಯಮತ್ತೂರಿಗೆ ಹೋಯಿತು. ಅಲ್ಲಿ ಬಾಯ್ಲರಿಗೆ ತಣ್ಣೀರು ತುಂಬಿ ಒತ್ತಡ ಪರೀಕ್ಷೆ ಮಾಡಿಸಿ, ಹೊಸ ವಾಲ್ವ್ ಹಾಕಿಸಿದೆವು. ಹಬೆಯಂತೆ ತಣ್ಣೀರು ಸಿಡಿದು ಹಿಗ್ಗುವುದಿಲ್ಲ, ಅದಕ್ಕೇ ಈ ಕ್ರಮ. ಅಷ್ಟರಲ್ಲಿ ಪುಷ್ಪ ಪ್ರದರ್ಶನ ಮುಗಿದಿತ್ತು.

ಮರಳಿ ಬಂದ ಯಂತ್ರದ ಕಾಫಿ ಏಕೋ ಹುಳಿ ಹುಳಿ. ಕಾರಣ ನಮ್ಮ ಬೆಟ್ಟ! ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಗೇಜಿನ ಮುಳ್ಳು ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ. ಆದ್ದರಿಂದ ಮುಳ್ಳು ಒಂದು ಬಾರ್ ತೋರಿಸುವಾಗ ಕರಾವಳಿಯಲ್ಲಿ ಬಾಯ್ಲರ್ ನೀರು ಸುಮಾರು 120 ಡಿಗ್ರಿ ಇದ್ದರೆ, ಇಲ್ಲಿ ಸುಮಾರು 116. ಜೊತೆಗೆ ನಮ್ಮ ಚಳಿ. ವಾಲ್ವಿನ ಮಿತಿಯೊಳಗೇ ಒತ್ತಡವನ್ನು ತುಸು ಏರಿಸಿದೆವು, ಕಾಫಿ ಇಳಿಯುವ ಭಾಗ ಚೆನ್ನಾಗಿ ಕಾಯುವವರೆಗೆ ಕಾದೆವು. ಗೂಡಲೂರಿನ ರೊಬಸ್ಟಾ ಬೆರೆಸಿದ ಪುಡಿಯಿಂದ ಹೊಂಬಣ್ಣದ ನೊರೆ ಬಂತು.

ಪ್ರಿಯ ಓದುಗರೇ, ಇಂಥ ಹಳೆಯ ಯಂತ್ರ ಕೊಳ್ಳುವಾಗ ಮೊದಲು ಸೇಫ್ಟಿ ವಾಲ್ವ್ ನೋಡಿ, ಆಮೇಲೆ ಅರ್ಥ್, ಆಮೇಲೆ ಉಳಿದದ್ದು. ಹೊಳಪಿಗೆ ಮರುಳಾಗಬೇಡಿ. ಸೋರುವುದನ್ನು ಮುಚ್ಚಿಬಿಡುವುದು ರಿಪೇರಿಯಲ್ಲ, ಏಕೆ ಸೋರುತ್ತಿದೆ ಎಂದು ಕೇಳುವುದು ರಿಪೇರಿ.

ಮಳೆಗಾಲದಲ್ಲಿ ಅಂಗಡಿ ತೆರೆಯಿತು. ಗಿರಾಕಿಗಳು ಕಡಿಮೆ, ಬಳೆಗಳು ಇನ್ನೂ ಅಡವಿನಲ್ಲೇ ಇವೆ. ಆದರೆ ಆ ತಾಯಿ ಈಗ ರಾತ್ರಿ ನೆಮ್ಮದಿಯಿಂದ ಮಲಗುತ್ತಾರೆ.