ಐದೂವರೆಯ ಗೆರೆ

ಹಲ್ಲಿನ ಹುಳ ತೆಗೆಯುವವರು ಸಂತೆ, ಜಾತ್ರೆಗಳಲ್ಲಿ ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಕೆಂಡದ ಮೇಲೆ ನೆಲಗುಳ್ಳದಂಥ ಗಿಡದ ಬೀಜ ಉದುರಿಸಿ, ಏಳುವ ಹೊಗೆಯನ್ನು ಕೊಳವೆಯಲ್ಲಿ ನೋಯುವ ಹಲ್ಲಿಗೆ ಹಾಯಿಸುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಬಟ್ಟಲ ನೀರಿನಲ್ಲಿ ತೇಲುವ ಬಿಳಿ ಎಳೆಗಳನ್ನು ತೋರಿಸಿ, ‘ನೋಡಿ, ಬಿತ್ತು’ ಎನ್ನುತ್ತಾರೆ. ನೋವು ತಿಂದವನಿಗೆ ಅಷ್ಟು ಸಾಕು. ಆ ಎಳೆಗಳು ಬಂದದ್ದು ಹಲ್ಲಿನಿಂದಲ್ಲ, ಬೀಜದಿಂದ. ಬದನೆಯ ಬಳಗದ ಬೀಜಗಳೊಳಗೆ ಭ್ರೂಣ ಸುರುಳಿ ಸುತ್ತಿಕೊಂಡಿರುತ್ತದೆ. ಬಿಸಿ ತಾಗಿ ಬೀಜ ಸಿಡಿದರೆ ಅದು ಥೇಟ್ ಮರಿಹುಳುವಿನ ಹಾಗೆ ಹೊರಬರುತ್ತದೆ. ಯುರೋಪಿನಲ್ಲೂ ಶತಮಾನಗಳ ಕಾಲ ಇದೇ ಕೈಚಳಕ ನಡೆದಿತ್ತು, ಅದೇ ಬಳಗದ ಇನ್ನೊಂದು ಗಿಡದ ಬೀಜ ಬಳಸಿ. ಬ್ಯಾಬಿಲೋನಿಯಾದ ಮಣ್ಣಿನ ಹಲಗೆಗಳಲ್ಲೇ ಹಲ್ಲಿನ ಹುಳವನ್ನು ಓಡಿಸುವ ಮಂತ್ರವಿದೆ. 1728ರಲ್ಲಿ ಪ್ಯಾರಿಸ್ಸಿನ ದಂತವೈದ್ಯ ಪಿಯರ್ ಫೋಷಾರ್, ತಾನು ಎಷ್ಟು ಹುಡುಕಿದರೂ ಹಲ್ಲಿನಲ್ಲಿ ಹುಳ ಕಾಣಲಿಲ್ಲ ಎಂದು ಪುಸ್ತಕದಲ್ಲೇ ಬರೆದ. ಹುಳ ಮಾತ್ರ ಸಾಯಲಿಲ್ಲ.

ಹಾಗೆಂದು ಹಳಬರು ಪೂರ್ತಿ ತಪ್ಪಿದ್ದರು ಎನ್ನುವಂತೆಯೂ ಇಲ್ಲ. ಹಲ್ಲು ಕೊಳೆಯುವುದರ ಹಿಂದೆ ಜೀವಿಯೊಂದು ಇದ್ದೇ ಇದೆ. ಅದು ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ, ಹಲ್ಲನ್ನು ಕೊರೆಯುವುದೂ ಇಲ್ಲ.

ಫೋಷಾರನಿಗಿಂತ ನಲವತ್ತೈದು ವರ್ಷ ಮೊದಲೇ, 1683ರಲ್ಲಿ, ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ಕೆರೆದು, ತಾನೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ನೋಡಿದ್ದ. ದಿನಾ ಬೆಳಿಗ್ಗೆ ಉಪ್ಪು ಹಾಕಿ ಹಲ್ಲು ತಿಕ್ಕುತ್ತಿದ್ದ, ತನ್ನ ಹಲ್ಲಿನ ಬಗ್ಗೆ ಹೆಮ್ಮೆಯೇ ಇದ್ದ ಮನುಷ್ಯ. ಆದರೂ ಆ ಪಾಚಿಯಲ್ಲಿ ಪುಟ್ಟ ಜೀವಿಗಳು ಗಿಜಿಗುಟ್ಟುತ್ತಿದ್ದವು. ನಮ್ಮ ಇಡೀ ದೇಶದಲ್ಲಿರುವ ಜನಕ್ಕಿಂತ ನನ್ನ ಬಾಯಲ್ಲಿರುವ ಪ್ರಾಣಿಗಳೇ ಹೆಚ್ಚು ಎಂಬರ್ಥದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ಮನುಷ್ಯ ಬ್ಯಾಕ್ಟೀರಿಯಾಗಳನ್ನು ಕಂಡ ಮೊದಮೊದಲ ಜಾಗಗಳಲ್ಲಿ ನಮ್ಮ ಹಲ್ಲುಸಂದಿಯೂ ಒಂದು.

ಅವುಗಳಿಗೂ ಹುಳುಕಿಗೂ ಇರುವ ನಂಟನ್ನು ಬಿಡಿಸಲು ಮತ್ತೆ ಇನ್ನೂರು ವರ್ಷ ಬೇಕಾಯಿತು. ಬರ್ಲಿನ್ನಿನಲ್ಲಿದ್ದ ಅಮೆರಿಕನ್ ದಂತವೈದ್ಯ ಡಬ್ಲ್ಯು.ಡಿ. ಮಿಲ್ಲರ್ ಕಿತ್ತ ಹಲ್ಲುಗಳನ್ನು ಜೊಲ್ಲು, ಬ್ರೆಡ್ಡಿನ ಜೊತೆ ಬೆಚ್ಚಗಿಟ್ಟ; ಹಲ್ಲು ಮೆತ್ತಗಾಯಿತು. ಬ್ರೆಡ್ಡಿನ ಬದಲು ಮಾಂಸ ಹಾಕಿದಾಗ ಹಾಗಾಗಲಿಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಪಿಷ್ಟ, ಸಕ್ಕರೆಗಳನ್ನು ಹುಳಿ ಮಾಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ ಎಂದು 1890ರ ತನ್ನ ಗ್ರಂಥದಲ್ಲಿ ಬರೆದ. 1924ರಲ್ಲಿ ಲಂಡನ್ನಿನ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲಿನಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಕರೆದ. ಬಾಯಲ್ಲಿ ಏಳುನೂರರ ಆಸುಪಾಸು ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದಾರೆ. ಹುಳಿ ಮಾಡುವವು ಇನ್ನೂ ಹಲವಿವೆ. ಆದರೆ ಈ ಮ್ಯೂಟನ್ಸ್‌ನ ಕಸುಬುಗಾರಿಕೆ ಬೇರೆಯೇ.

ಹಲ್ಲಿನ ಮೇಲ್ಮೈ ನುಣುಪು. ಅದರ ಮೇಲೆ ಜೊಲ್ಲು ಹರಿಯುತ್ತಲೇ ಇರುತ್ತದೆ, ನಾಲಿಗೆ ಸವರುತ್ತಲೇ ಇರುತ್ತದೆ. ಅಂಥಲ್ಲಿ ತಳವೂರಬೇಕಾದರೆ ಅಂಟು ಬೇಕು. ನಾವು ತಿನ್ನುವ ಸಕ್ಕರೆಯ ಒಂದೊಂದು ಅಣುವಿನಲ್ಲೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಜೋಡಿಯಾಗಿರುತ್ತವೆ. ಮ್ಯೂಟನ್ಸ್ ತನ್ನ ಕಿಣ್ವದಿಂದ ಆ ಜೋಡಿಯನ್ನು ಮುರಿದು, ಗ್ಲೂಕೋಸನ್ನು ಒಂದಕ್ಕೊಂದು ಪೋಣಿಸಿ ಗ್ಲೂಕಾನ್ ಎಂಬ ಅಂಟನ್ನು ತಯಾರಿಸುತ್ತದೆ. ಅದರ ಬಲದಿಂದ ತಾನೂ ಹಲ್ಲಿಗೆ ಅಂಟಿಕೊಳ್ಳುತ್ತದೆ, ಬೇರೆ ಬ್ಯಾಕ್ಟೀರಿಯಾಗಳನ್ನೂ ಅಂಟಿಸಿಕೊಳ್ಳುತ್ತದೆ. ಉಳಿದ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ತಿಂದು ಮಿಕ್ಕದ್ದನ್ನು ಮೈಯೊಳಗೇ ಕೂಡಿಟ್ಟುಕೊಂಡು, ನಾವು ಉಪವಾಸವಿದ್ದಾಗಲೂ ಹುಳಿ ಮಾಡಬಲ್ಲದು. ತಾನು ಮಾಡಿದ ಹುಳಿಯಲ್ಲಿ ತಾನು ಸಾಯುವುದಿಲ್ಲ. ಹುಳಿ ತಾಳಲಾರದ ನಿರುಪದ್ರವಿ ಬ್ಯಾಕ್ಟೀರಿಯಾಗಳು ಹಿಂದೆ ಸರಿದಷ್ಟೂ ಇದಕ್ಕೆ ಜಾಗ ಹೆಚ್ಚು.

ಈ ಅಂಟಿನ ಪದರವೇ ಹಲ್ಲಿನ ಪಾಚಿ. ಮುದ್ದೆ ಮಾಡಿದ ಪಾತ್ರೆಯ ತಳಕ್ಕೆ ಹತ್ತಿದ್ದು ನೀರು ತುಂಬಿಸಿ ಚೆಲ್ಲಿದರೆ ಹೇಗೆ ಹೋಗುವುದಿಲ್ಲವೋ ಹಾಗೆ ಇದೂ ಬಾಯಿ ಮುಕ್ಕಳಿಸಿದರೆ ಹೋಗುವುದಿಲ್ಲ, ಉಜ್ಜಲೇಬೇಕು. ಬಣ್ಣಬಣ್ಣದ ಮೌತ್‌ವಾಶ್ ಬಾಟಲಿಗೆ ದುಡ್ಡು ಸುರಿಯುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಇನ್ನು ಹಲ್ಲಿನ ಕಡೆಗೆ ಬರೋಣ. ಹೊರಗಿನ ಎನಾಮೆಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿ ವಸ್ತು. ತೂಕದಲ್ಲಿ ನೂರಕ್ಕೆ 96 ಪಾಲು ಖನಿಜ, ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳು. ಅದರಲ್ಲಿ ಜೀವಕೋಶವಿಲ್ಲ, ರಕ್ತವಿಲ್ಲ, ನರವೂ ಇಲ್ಲ. ಮುರಿದ ಮೂಳೆ ಕೂಡುತ್ತದೆ, ಒಡೆದ ಎನಾಮೆಲ್ ಕೂಡುವುದಿಲ್ಲ. ಇಷ್ಟು ಗಟ್ಟಿಯಾದದ್ದಕ್ಕೆ ಒಂದೇ ದೌರ್ಬಲ್ಯ: ಆಮ್ಲ. ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾಪಕದಲ್ಲಿ ಶುದ್ಧ ನೀರು ಏಳರಲ್ಲಿ ನಿಲ್ಲುತ್ತದೆ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಸುಮಾರು ಐದೂವರೆಯ ಕೆಳಗೆ ಎನಾಮೆಲಿನ ಹರಳುಗಳು ಕರಗತೊಡಗುತ್ತವೆ. ಹಲ್ಲಿನ ಅಳಿವು ಉಳಿವು ನಡೆಯುವುದು ಈ ಗೆರೆಯ ಮೇಲೆ ಕೆಳಗೆ.

1940ರ ದಶಕದ ಮೊದಲಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಎಂಬ ಸಂಶೋಧಕ ಜನರಿಗೆ ಗ್ಲೂಕೋಸ್ ನೀರು ಮುಕ್ಕಳಿಸಲು ಕೊಟ್ಟು, ಹಲ್ಲಿನ ಪಾಚಿಗೆ ಸೂಕ್ಷ್ಮ ಎಲೆಕ್ಟ್ರೋಡ್ ತಾಗಿಸಿ ಪಿಎಚ್ ಅಳೆದ. ಕೆಲವೇ ನಿಮಿಷಗಳಲ್ಲಿ ಅದು ಧಡಕ್ಕನೆ ಐದರ ಆಸುಪಾಸಿಗೆ ಬಿತ್ತು. ಮತ್ತೆ ಮೊದಲಿನಂತಾಗಲು ಅರ್ಧ ಗಂಟೆ, ಕೆಲವರಲ್ಲಿ ಒಂದು ಗಂಟೆ ಹಿಡಿಯಿತು. ದಂತವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಬರೆಯುವ ‘ಸ್ಟೀಫನ್ ರೇಖೆ’ ಇದೇ. ಬೀಳುವುದು ಬೇಗ, ಏಳುವುದು ನಿಧಾನ.

ಏಳಿಸುವುದು ಜೊಲ್ಲು. ನಾವು ಅಸಹ್ಯಪಟ್ಟುಕೊಳ್ಳುವ ಈ ದ್ರವ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಒಸರುತ್ತದೆ. ಅದರಲ್ಲಿರುವ ಬೈಕಾರ್ಬೊನೇಟ್ ಹುಳಿಯನ್ನು ಮುರಿಯುತ್ತದೆ. ಕರಗಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತೆ ಎನಾಮೆಲಿಗೆ ಸೇರುತ್ತವೆ. ಪಿಎಚ್ ಗೆರೆಯ ಮೇಲೇರಿದರೆ ಸಾಕು, ಕಳೆದುಹೋದ ಖನಿಜ ಕಣಕಣವಾಗಿ ಮರಳುತ್ತದೆ. ಇಂಥ ಕರಗುವಿಕೆ, ಕಟ್ಟುವಿಕೆ ದಿನಕ್ಕೆ ಹಲವು ಸಲ ನಡೆಯುತ್ತದೆ. ಕಟ್ಟಲು ಹೊತ್ತು ಸಿಗದಿದ್ದಾಗಲೇ ಹುಳುಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎಷ್ಟು ಸಿಹಿ ತಿಂದಿರಿ ಎಂಬುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದು.

ಇದನ್ನು ಮನುಷ್ಯರ ಮೇಲೆಯೇ ಸಾಧಿಸಿ ತೋರಿಸಿದ್ದು ಸ್ವೀಡನ್ನಿನಲ್ಲಿ, ನಾಚಿಕೆಗೇಡಿನ ರೀತಿಯಲ್ಲಿ. ಲುಂಡ್ ನಗರದ ವಿಪೆಹೋಮ್ ಆಸ್ಪತ್ರೆಯಲ್ಲಿದ್ದ ಬುದ್ಧಿಮಾಂದ್ಯರಿಗೆ 1940ರ ದಶಕದ ಕೊನೆಯಲ್ಲಿ ಬೇರೆಬೇರೆ ಬಗೆಯಲ್ಲಿ ಸಕ್ಕರೆ ತಿನ್ನಿಸಿ ಹಲ್ಲು ಎಣಿಸಿದರು. ಒಪ್ಪಿಗೆ ಕೊಡುವ ಶಕ್ತಿಯೇ ಇಲ್ಲದವರು ಅವರು. ಊಟದ ಜೊತೆಗೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಏರಲಿಲ್ಲ. ಊಟದ ನಡುನಡುವೆ ಹಲ್ಲಿಗೆ ಮೆತ್ತುವ ಟಾಫಿ ತಿಂದವರ ಹಲ್ಲು ಸಾಲಾಗಿ ಹೋದವು. ಇವತ್ತು ಯಾವ ನೈತಿಕ ಸಮಿತಿಯೂ ಬಿಡದ ಪ್ರಯೋಗ. ಸ್ವೀಡನ್ನಿನ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಎಂಬ ರೂಢಿ ಬಂದದ್ದು ಇದರ ಬೆನ್ನಿಗೆ. ಅಲ್ಲಿನ ಮಕ್ಕಳ ಹಲ್ಲಿನ ಹಿಂದೆ ಆ ಮನುಷ್ಯರ ಹಲ್ಲುಗಳಿವೆ.

ನಮ್ಮ ಲೆಕ್ಕಕ್ಕೆ ಬಂದರೆ, ಹಬ್ಬದ ಊಟದಲ್ಲಿ ಎರಡು ಹೋಳಿಗೆ ಹೆಚ್ಚು ತಿಂದದ್ದು ಹಲ್ಲಿಗೆ ಅಂಥ ದೊಡ್ಡ ಸಂಗತಿಯಲ್ಲ. (ಸಕ್ಕರೆ ಕಾಯಿಲೆಯ ಮಾತು ಬೇರೆ, ಅದನ್ನು ಇನ್ನೊಬ್ಬ ವೈದ್ಯರು ನೋಡಿಕೊಳ್ಳುತ್ತಾರೆ.) ಆಫೀಸಿನಲ್ಲಿ ಹತ್ತಕ್ಕೊಂದು ಬೈಟು ಕಾಫಿ, ಹನ್ನೊಂದೂವರೆಗೆ ಚಹಾ ಬಿಸ್ಕತ್ತು, ಮೂರಕ್ಕೆ ಮತ್ತೊಂದು, ನಡುವೆ ಜೇಬಿನ ಪೆಪ್ಪರ್‌ಮಿಂಟು: ಇದು ಪಾಚಿಯ ಪಿಎಚ್ಚನ್ನು ದಿನವಿಡೀ ಗೆರೆಯ ಕೆಳಗೇ ಒತ್ತಿಹಿಡಿಯುವ ಕ್ರಮ. ಬಿಸ್ಕತ್ತು, ರಸ್ಕು, ಚಿಪ್ಸು ಹಿಟ್ಟಿನಂತಾಗಿ ದವಡೆ ಹಲ್ಲಿನ ಗೀರುಗಳಲ್ಲಿ ಮೆತ್ತಿಕೊಂಡು ಕೂರುತ್ತವೆ. ‘ನಾವು ಸಕ್ಕರೆ ಬಿಟ್ಟು ಬೆಲ್ಲ ಹಾಕ್ತೀವಿ’ ಎಂದು ಹೇಳುವವರಿಗೆ ನಿರಾಸೆಯ ಸುದ್ದಿ: ಬೆಲ್ಲದಲ್ಲಿ ಬಹುಪಾಲು ಇರುವುದು ಅದೇ ಸಕ್ಕರೆ, ಮ್ಯೂಟನ್ಸ್‌ಗೆ ಎರಡೂ ಒಂದೇ.

ರಾತ್ರಿಯ ವಿಷಯ ಇನ್ನೂ ಸೂಕ್ಷ್ಮ. ನಿದ್ದೆಯಲ್ಲಿ ಜೊಲ್ಲು ಒಸರುವುದು ಬಹುತೇಕ ನಿಂತೇಹೋಗುತ್ತದೆ. ಮಲಗುವ ಮುನ್ನ ಕುಡಿದ ಸಕ್ಕರೆ ಹಾಲಿನ ಹುಳಿಯನ್ನು ಮುರಿಯುವವರು ಯಾರೂ ಇರುವುದಿಲ್ಲ. ನಮ್ಮಲ್ಲಿ ಹಲ್ಲುಜ್ಜುವುದು ಎಂದರೆ ಬೆಳಗಿನ ಶಾಸ್ತ್ರ, ಸ್ನಾನ ಸಂಧ್ಯೆಯ ಸಾಲಿಗೆ ಸೇರಿದ್ದು. ದಿನಕ್ಕೆ ಒಂದೇ ಸಲ ಉಜ್ಜುತ್ತೇನೆ ಎಂದು ಹಟ ಹಿಡಿಯುವವರು ಬೆಳಗಿನದ್ದನ್ನು ಬಿಟ್ಟು ರಾತ್ರಿಯದ್ದನ್ನು ಇಟ್ಟುಕೊಂಡರೆ ಹಲ್ಲಿಗೆ ಒಳ್ಳೆಯದು, ಪಕ್ಕದವರಿಗೆ ಅಲ್ಲ. ಬಾಯಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡೇ ಮಲಗುವ ಮಕ್ಕಳಲ್ಲಿ ಮೇಲಿನ ಮುಂಭಾಗದ ಹಲ್ಲುಗಳು ಮೊದಲು ಹುಳುಕುತ್ತವೆ. ಕೆಳಗಿನವುಗಳನ್ನು ನಾಲಿಗೆಯೂ ಅಲ್ಲೇ ಒಸರುವ ಜೊಲ್ಲೂ ಕಾಯುತ್ತವೆ.

ಉಜ್ಜುವುದು ಎರಡು ನಿಮಿಷ, ಮೆತ್ತನೆ ಕೂದಲಿನ ಬ್ರಷ್ಷಿನಲ್ಲಿ, ಬ್ರಷ್ಷನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು. ಪಾತ್ರೆಯ ಮಾತು ಎತ್ತಿದ್ದಕ್ಕೆ ತೆಂಗಿನ ನಾರು ಹಿಡಿದಂತೆ ಅಡ್ಡಡ್ಡ ತಿಕ್ಕಬಾರದು. ಪಾಚಿ ಮೃದು, ಅದಕ್ಕೆ ಬಲ ಬೇಡ. ಬಲಕ್ಕೆ ಸವೆಯುವುದು ವಸಡಿನ ಅಂಚು. ಹೊಂಗೆ, ಬೇವು, ಜಾಲಿಯ ಕಡ್ಡಿಯನ್ನು ಚೆನ್ನಾಗಿ ಜಗಿದು ಕುಂಚ ಮಾಡಿಕೊಂಡು ನಿಧಾನವಾಗಿ ಉಜ್ಜುವವರನ್ನು ನಾನು ಹೀಗಳೆಯುವುದಿಲ್ಲ, ಪಾಚಿ ಹೋಗುತ್ತದೆ. ಆದರೆ ದವಡೆಯ ಒಳಬದಿಗೆ ಕಡ್ಡಿ ತಿರುಗುವುದು ಕಷ್ಟ. ಇದ್ದಿಲು, ಇಟ್ಟಿಗೆ ಪುಡಿ, ಬೂದಿಯದ್ದು ಬೇರೆ ಕಥೆ. ಅವು ಹೊಳಪು ಕೊಡುವುದೇ ಉಜ್ಜಿ ಸವೆಸಿ. ಅದೇ ಇದ್ದಿಲನ್ನು ಕಪ್ಪು ಪೇಸ್ಟು ಮಾಡಿ ಮಾಲ್‌ಗಳಲ್ಲಿ ದುಬಾರಿ ಬೆಲೆಗೆ ಮಾರುತ್ತಿರುವುದನ್ನು ಕಂಡರೆ ನಮ್ಮಜ್ಜಿಯರು ನಗುತ್ತಿದ್ದರು. ಹುಳಿ ತಿಂದ ತಕ್ಷಣ, ಅಂದರೆ ನಿಂಬೆಹಣ್ಣಿನ ಶರಬತ್ತೋ ಕಿತ್ತಳೆಯೋ ಆದ ಮೇಲೆ, ಅರ್ಧ ಗಂಟೆ ಬ್ರಷ್ ಮುಟ್ಟದಿರುವುದು ಲೇಸು. ಆಗ ಎನಾಮೆಲಿನ ಮೇಲ್ಪದರ ಮೆತ್ತಗಾಗಿರುತ್ತದೆ.

ಪೇಸ್ಟಿನಲ್ಲಿ ನೋಡಬೇಕಾದ ಹೆಸರು ಒಂದೇ, ಫ್ಲೋರೈಡ್. ಅದು ಎನಾಮೆಲಿನ ಹರಳಿಗೆ ಸೇರಿಕೊಂಡರೆ ಕರಗುವ ಗೆರೆ ಐದೂವರೆಯಿಂದ ನಾಲ್ಕೂವರೆಯ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಹತ್ತು ಪಟ್ಟು ಹೆಚ್ಚು ಹುಳಿಯನ್ನು ಹಲ್ಲು ತಾಳಿಕೊಳ್ಳುತ್ತದೆ. ಭಾರತದಲ್ಲಿ ಪೇಸ್ಟಿನ ಫ್ಲೋರೈಡಿಗೆ 1,000 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಸಾವಿರ ಪಾಲಿನ ಮಿತಿ ಇದೆ. ಗಿಡಮೂಲಿಕೆಯ ಹೆಸರಿನಲ್ಲಿ ಬರುವ ಹಲವು ಪೇಸ್ಟುಗಳಲ್ಲಿ ಅದು ಇರುವುದೇ ಇಲ್ಲ, ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ ನೋಡಬಹುದು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಪೇಸ್ಟು ಹಾಕುವುದು ಮಾರಾಟದ ಉಪಾಯ. ಬಟಾಣಿ ಕಾಳಿನಷ್ಟು ಸಾಕು, ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು. ಉಜ್ಜಿ ಉಗಿದ ಮೇಲೆ ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸುವ ನಮ್ಮ ರೂಢಿ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡನ್ನೂ ತೊಳೆದುಬಿಡುತ್ತದೆ. ಉಗಿದು ಸುಮ್ಮನಿದ್ದರೆ ಒಳ್ಳೆಯದು. ಇದನ್ನು ಒಪ್ಪಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು.

ಫ್ಲೋರೈಡಿನ ಇನ್ನೊಂದು ಮುಖ ಕನ್ನಡದ ಓದುಗರಿಗೆ ಹೊಸತಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಆಳದ ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಾದವರು, ಮೂಳೆ ಬಾಗಿದವರು ಇದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವಿಚಿತ್ರವೆಂದರೆ ಹುಳುಕಿಗೆ ಫ್ಲೋರೈಡ್ ಮದ್ದೆಂದು ತಿಳಿದದ್ದೇ ಇಂಥ ಕಂದು ಹಲ್ಲುಗಳಿಂದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಊರಿನ ಜನರ ಹಲ್ಲಿನ ಕಂದು ಕಲೆಯ ಬೆನ್ನುಹತ್ತಿದ. ಆ ಹಲ್ಲುಗಳು ಅಷ್ಟಾಗಿ ಹುಳುಕುವುದಿಲ್ಲ ಎಂಬುದೂ ಅವನಿಗೆ ಕಂಡಿತು. ನೀರಿನಲ್ಲಿರುವುದು ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. ಅಂಥ ನೀರಿನ ಊರಿನಲ್ಲಿ ಚಿಕ್ಕ ಮಕ್ಕಳು ಪೇಸ್ಟು ನುಂಗದಂತೆ ನೋಡಿಕೊಳ್ಳಬೇಕು, ಯಾವ ಪೇಸ್ಟು ಎಂಬುದನ್ನು ವೈದ್ಯರನ್ನು ಕೇಳಬೇಕು.

ಮಕ್ಕಳ ವಿಚಾರದಲ್ಲಿ ತಂದೆತಾಯಿಯ ಕಣ್ಣಿಗೆ ಬೀಳದೆ ಹೋಗುವ ಹಲ್ಲು ಒಂದಿದೆ. ಆರನೇ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳೆಲ್ಲ ಇನ್ನೂ ಬಾಯಲ್ಲಿರುವಾಗಲೇ ಅವುಗಳ ಹಿಂದೆ ಒಂದು ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ಯಾವುದೂ ಬಿದ್ದಿಲ್ಲವಾದ್ದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದು ಕೊನೆಯವರೆಗೂ ಇರಬೇಕಾದ ಹಲ್ಲು. ಅದರ ಮೇಲಿನ ಗೀರುಗಳಲ್ಲಿ ಕೆಲವು ಬ್ರಷ್ಷಿನ ಒಂದು ಕೂದಲೂ ಇಳಿಯದಷ್ಟು ಕಿರಿದು; ಎಷ್ಟು ಉಜ್ಜಿದರೂ ತಳದ ಪಾಚಿ ಅಲ್ಲೇ. ಹಲ್ಲು ಪೂರ್ತಿ ಮೇಲೆ ಬಂದ ಕೂಡಲೇ ಆ ಗೀರುಗಳಿಗೆ ದಂತವೈದ್ಯರು ತೆಳ್ಳಗಿನ ಸೀಲಂಟ್ ಬಳಿದು ಮುಚ್ಚಬಹುದು. ನೋವಿಲ್ಲ, ಸೂಜಿಯಿಲ್ಲ. ನಮ್ಮಲ್ಲಿ ಕೇಳುವವರು ಕಡಿಮೆ, ಏಕೆಂದರೆ ನೋಯದ ಹಲ್ಲಿಗೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ.

ಹುಳುಕು ಮೊದಲು ಕಾಣುವುದು ಕಪ್ಪಾಗಿ ಅಲ್ಲ, ಸುಣ್ಣದಂತೆ ಹೊಳಪಿಲ್ಲದ ಬಿಳಿ ಮಚ್ಚೆಯಾಗಿ, ಹೆಚ್ಚಾಗಿ ವಸಡಿನ ಅಂಚಿನಲ್ಲಿ. ಹಲ್ಲನ್ನು ಒರೆಸಿ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಮೇಲ್ಪದರ ಇನ್ನೂ ಮುರಿದಿರುವುದಿಲ್ಲ, ಖನಿಜ ಹೋಗಿರುವುದು ಅದರ ಅಡಿಯಿಂದ. ಈ ಹಂತದಲ್ಲಿ ಪಾಚಿ ತೆಗೆದು, ಫ್ಲೋರೈಡ್ ಕೊಟ್ಟು, ತಿನ್ನುವ ಸಲಗಳನ್ನು ಕಡಿಮೆ ಮಾಡಿದರೆ ಮಚ್ಚೆ ಗಟ್ಟಿಯಾಗಿ ಅಲ್ಲಿಗೇ ನಿಲ್ಲಬಲ್ಲದು. ಮೇಲ್ಪದರ ಕುಸಿದು ಗುಳಿ ಬಿದ್ದ ಮೇಲೆ ಮಾತು ಬದಲಾಗುತ್ತದೆ, ಒಳಗಿನ ಮೆತ್ತನೆ ಡೆಂಟಿನ್ ಬೇಗ ಕರಗುತ್ತದೆ, ನರ ಮುಟ್ಟಿದರೆ ರೂಟ್ ಕೆನಾಲ್. ಕೊರೆಯಲು ಬಿಡದೆ ಕೂಗಾಡುವ ಪುಟ್ಟ ಮಕ್ಕಳ ಗುಳಿಗೆ ಈಗ ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರವದ ಹನಿ ಹಚ್ಚುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ, ಬಹಳಷ್ಟು ಸಲ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಹಚ್ಚಿದ ಜಾಗ ಮಾತ್ರ ಕಪ್ಪಾಗಿ ಉಳಿಯುತ್ತದೆ. ಮುಂದಿನ ಹಲ್ಲಾದರೆ ಫೋಟೋದಲ್ಲಿ ಚೆನ್ನಾಗಿ ಕಾಣದು ಎಂದು ತಂದೆತಾಯಿ ಹಿಂಜರಿಯುವುದುಂಟು. ಆರೇಳು ವರ್ಷಕ್ಕೆ ತಾನಾಗಿ ಉದುರುವ ಹಲ್ಲು ಅದು.