ಪರದೆ ಎಳೆದು ಕೇಳಿ ನೋಡೋಣ!

ಒಂದು ಪರೀಕ್ಷೆಯ ಕಥೆ ಹೇಳ್ತೀನಿ ಕೇಳಿ. ಊರು ಜರ್ಮನಿಯ ಮ್ಯೂನಿಕ್, ವರ್ಷ 1980. ಅಲ್ಲಿನ ಫಿಲ್ಹಾರ್ಮೋನಿಕ್ ವಾದ್ಯವೃಂದಕ್ಕೆ ಟ್ರೊಂಬೋನ್ ನುಡಿಸುವವರು ಬೇಕಿತ್ತು. ಟ್ರೊಂಬೋನ್ ಅಂದ್ರೆ ಕೊಳವೆಯನ್ನು ಹಿಂದೆ ಮುಂದೆ ಎಳೆಯುತ್ತಾ ಊದ್ತಾರಲ್ಲ, ಆ ಹಿತ್ತಾಳೆ ವಾದ್ಯ. ಪರೀಕ್ಷೆಗೆ 33 ಮಂದಿ ಬಂದಿದ್ದರು. ಅವರಲ್ಲೊಬ್ಬ ವಾದ್ಯವೃಂದದವರಿಗೆ ಪರಿಚಯದವರ ಮಗ. ನಾಳೆ ಯಾರೂ ಪಕ್ಷಪಾತ ಅನ್ನಬಾರದು ಅಂತ ಎಲ್ಲರನ್ನೂ ಪರದೆ ಹಿಂದೆ ಕೂರಿಸಿ ನುಡಿಸೋಕೆ ಹೇಳಿದರು.

16ನೇ ಅಭ್ಯರ್ಥಿ ನುಡಿಸಿ ಮುಗಿಸಿದ್ದೇ ತಡ, ಪ್ರಧಾನ ನಿರ್ದೇಶಕ ಸೆರ್ಜಿಯು ಚೆಲಿಬಿಡಾಕೆ 'ನಮಗೆ ಬೇಕಾದ್ದು ಇವರೇ' ಅಂದುಬಿಟ್ಟರು. ಉಳಿದವರನ್ನು ಕೇಳುವ ಗೋಜಿಗೂ ಹೋಗದೆ ಮನೆಗೆ ಕಳಿಸಿದರು. ಆಮೇಲೆ ಪರದೆ ಹಿಂದಿನಿಂದ ಹೊರಗೆ ಬಂದವರು ಆಬಿ ಕೊನಂಟ್, ಒಬ್ಬ ಹೆಣ್ಣುಮಗಳು! ಪರೀಕ್ಷೆಗೆ ಬನ್ನಿ ಅಂತ ಕಳಿಸಿದ ಪತ್ರದಲ್ಲೂ ಆಕೆಯ ಹೆಸರಿನ ಮುಂದೆ 'ಶ್ರೀ' ಅಂತಲೇ ಇತ್ತಂತೆ.

ಕೆಲಸವೇನೋ ಕೊಟ್ಟರು. ಆದರೆ 1982ರಲ್ಲಿ ಮುಖ್ಯ ವಾದಕಿಯ ಸ್ಥಾನದಿಂದ ಕೆಳಗಿಳಿಸಿದರು. ಆ ಜಾಗಕ್ಕೆ ಗಂಡಸೇ ಬೇಕು ಅನ್ನೋದು ಕಾರಣ. ಕೊನಂಟ್ ಕೋರ್ಟ್ ಹತ್ತಿದರು. ಊದಲು ಬೇಕಾದ ಶಕ್ತಿ ನನಗಿದೆ ಅಂತ ತೋರಿಸಲು ಶ್ವಾಸಕೋಶದ ಪರೀಕ್ಷೆ ಮಾಡಿಸಿಕೊಂಡು ವರದಿ ತಂದರು. ಸ್ಥಾನವೂ ಗಂಡಸರಿಗೆ ಸಮನಾದ ಸಂಬಳವೂ ಕೈಗೆ ಬರುವ ಹೊತ್ತಿಗೆ 1993 ಆಗಿತ್ತು.

ಈಗ ನೀವೇ ಹೇಳಿ. ಪರದೆ ಇದ್ದಾಗ ಬಂದದ್ದೂ, ಪರದೆ ಸರಿದ ಮೇಲೆ ಬಂದದ್ದೂ ಒಂದೇ ನಾದ. ವಾದ್ಯವೂ ಅದೇ, ಉಸಿರೂ ಅದೇ. ಹಾಗಾದರೆ ಬದಲಾಗಿದ್ದೇನು? ಕೇಳುವವರ ಕಣ್ಣಿಗೆ ಕಂಡಿದ್ದು, ಅಷ್ಟೇ.

ನಾನು ಓದಿದ್ದು ಎಂಜಿನಿಯರಿಂಗ್. ಯಾವುದೇ ಪ್ರಯೋಗದಲ್ಲಿ ಒಂದು ಅಂಶ ಮಾತ್ರ ಬದಲಿಸಿ ಫಲಿತಾಂಶ ಬದಲಾದರೆ, ಕಾರಣ ಆ ಅಂಶದಲ್ಲೇ ಇದೆ ಅಂತ ನಮಗೆ ಕಲಿಸಿದ್ದರು. ಸಂಗೀತ ಕ್ಷೇತ್ರದಲ್ಲಿ ಈ ಪ್ರಯೋಗ ದೊಡ್ಡ ಮಟ್ಟದಲ್ಲಿ ನಡೆದದ್ದು ಅಮೆರಿಕದಲ್ಲಿ. 1970ರ ಹೊತ್ತಿಗೆ ಅಲ್ಲಿನ ಐದು ಅತಿ ದೊಡ್ಡ ವಾದ್ಯವೃಂದಗಳಲ್ಲಿ ಹೆಂಗಸರ ಪಾಲು ಶೇ. 5ಕ್ಕಿಂತ ಕಡಿಮೆ. ಆಮೇಲೆ ಒಂದೊಂದಾಗಿ ಪರದೆ ಪರೀಕ್ಷೆ ತಂದರು. ಚಪ್ಪಲಿ ಸದ್ದಿನಿಂದ ಹೆಣ್ಣೋ ಗಂಡೋ ಗೊತ್ತಾಗದಿರಲಿ ಅಂತ ಕೆಲವು ಕಡೆ ನೆಲಕ್ಕೆ ಕಾರ್ಪೆಟ್ ಹಾಸಿದರು. 1990ರ ದಶಕದ ಕೊನೆಗೆ ಹೆಂಗಸರ ಪಾಲು ಸುಮಾರು ಶೇ. 25 ಆಯಿತು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್, ಸಿಸಿಲಿಯಾ ರೌಸ್ ಜೊತೆ ಸೇರಿ 2000ದಲ್ಲಿ ಇದರ ಲೆಕ್ಕ ಹಾಕಿ, ಪರದೆಯ ಪಾತ್ರ ದೊಡ್ಡದು ಅಂದರು. ಅರ್ಜಿ ಹಾಕುವ ಹೆಂಗಸರೂ ಆ ವರ್ಷಗಳಲ್ಲಿ ಹೆಚ್ಚಿದ್ದರು, ಅವರ ಅಂಕಿ-ಅಂಶದ ಬಗ್ಗೆ ಆಮೇಲೆ ತಕರಾರೂ ಬಂದಿದೆ. ಅದೂ ನಿಜ. ಆದರೆ ಈ ಕಡೆ ವಿಯೆನ್ನಾ ನೋಡಿ. ಅಲ್ಲಿನ ಜಗತ್ಪ್ರಸಿದ್ಧ ಫಿಲ್ಹಾರ್ಮೋನಿಕ್, ಹೆಣ್ಣನ್ನು ಪೂರ್ಣ ಸದಸ್ಯೆಯಾಗಿ ಒಪ್ಪಿದ್ದು 1997ರಲ್ಲಿ!

ಅಯ್ಯೋ, ಅದು ಆ ದೇಶದವರ ಕಥೆ, ನಮ್ಮಲ್ಲಿ ಸಂಗೀತಕ್ಕೆ ಸರಸ್ವತಿಯೇ ದೇವತೆ, ವೀಣೆ ಹಿಡಿದು ಕೂತಿದ್ದಾಳೆ ಅಂತೀರಾ? ಸರಿ, ನಮ್ಮ ನಂಜನಗೂಡಿಗೇ ಬರೋಣ.

1878ರಲ್ಲಿ ಅಲ್ಲಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮ. ದೇವದಾಸಿ ಮನೆತನದ ದೊಡ್ಡ ವಿದುಷಿ. ತಮಿಳುನಾಡಿನ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿದೆ ಅಂತ ತಿಳಿದು, ತಮ್ಮ ಗಳಿಕೆಯನ್ನೆಲ್ಲ ಸುರಿದು ಅಲ್ಲಿ ಗುಡಿ ಕಟ್ಟಿಸಿದರು. 1925ರಲ್ಲಿ ಅದರ ಕುಂಭಾಭಿಷೇಕ ಆಯಿತು. ಆದರೆ ಅದೇ ಜಾಗದಲ್ಲಿ ವರ್ಷವರ್ಷ ಆರಾಧನೆ ನಡೆಸುತ್ತಿದ್ದ ಎರಡು ಬಣಗಳೂ ಹೆಂಗಸರಿಗೆ ಹಾಡೋಕೆ ಅವಕಾಶ ಕೊಡುತ್ತಿರಲಿಲ್ಲ. ಗುಡಿ ಕಟ್ಟಲು ಆಕೆಯ ದುಡ್ಡು ಆಗುತ್ತೆ, ಹಾಡಲು ಆಕೆಯ ದನಿ ಆಗಲ್ಲ! ನಾಗರತ್ನಮ್ಮ ಅಳುತ್ತಾ ಕೂರಲಿಲ್ಲ. ಹೆಂಗಸರದ್ದೇ ಮೂರನೇ ಬಣ ಕಟ್ಟಿ ಅಲ್ಲೇ ಹಾಡಿಸಿದರು. ಬಣಗಳೆಲ್ಲ ಒಂದಾಗಿ ಆರಾಧನೆ ನಡೆಯುವಂತಾಗಲು 1941ರವರೆಗೆ ಕಾಯಬೇಕಾಯಿತು.

ಇನ್ನು ನಮ್ಮ ಧಾರವಾಡದ ಕಡೆ. ಗಂಗೂಬಾಯಿ ಹಾನಗಲ್ ಅವರ ದನಿ ಎಳವೆಯಲ್ಲಿ ತೆಳ್ಳಗಿತ್ತು. ಗಂಟಲಿನ ತೊಂದರೆ, ಚಿಕಿತ್ಸೆ ಆದ ಮೇಲೆ ದಪ್ಪವಾಯಿತು. ಇವತ್ತಿಗೂ ಹೆಸರು ಹೇಳದೆ ಅವರ ಹಾಡು ಹಾಕಿ ನೋಡಿ, ಗೊತ್ತಿಲ್ಲದವರು 'ಯಾರಿವರು ಪಂಡಿತರು' ಅಂತಾರೆ. ಅದೇ ನೋಡಿ ವಿಷಯ. ಗಂಡಸರು ಹಾಡಿದರೆ ಪಂಡಿತರು, ಉಸ್ತಾದರು ಆಗ್ತಾರೆ, ನಾವು ಮಾತ್ರ ಕೊನೆಯವರೆಗೂ ಬಾಯಿಗಳೇ ಅಂತ ಸ್ವತಃ ಗಂಗೂಬಾಯಿ ಹೇಳುತ್ತಿದ್ದರು. ಹುಡುಗಿಯಾಗಿದ್ದಾಗ ಬೀದಿಯಲ್ಲಿ 'ಗಾನೇವಾಲಿ' ಅಂತ ಆಡಿಕೊಂಡ ಜನರೂ ಇದ್ದರು. ಅದೇ ಹೆಣ್ಣುಮಗಳಿಗೆ 2002ರಲ್ಲಿ ಪದ್ಮವಿಭೂಷಣ ಬಂತು.

ಹಾಡುವವರ ಪಾಡು ಇದಾದರೆ, ವಾದ್ಯ ಹಿಡಿದವರದ್ದು ಇನ್ನೂ ಕಷ್ಟ. ಮೃದಂಗ ಲೋಕದ ದಿಗ್ಗಜ ಪಾಲ್ಘಾಟ್ ಮಣಿ ಅಯ್ಯರ್ ಬಹಳ ಕಾಲ ಹೆಂಗಸರ ಕಛೇರಿಗೆ ನುಡಿಸಲೇ ಇಲ್ಲ. ಆಮೇಲೆ ಡಿ.ಕೆ. ಪಟ್ಟಮ್ಮಾಳ್ ಅವರಿಗೆ ನುಡಿಸಿದರು. ಹೆಂಗಸರ ಜೊತೆ ನುಡಿಸದವರು ಕೊಡುತ್ತಿದ್ದ ಒಂದು ಕಾರಣ ಶ್ರುತಿ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಗಂಡಸರ ಷಡ್ಜ ಸಾಮಾನ್ಯವಾಗಿ ಸುಮಾರು 130 ಹರ್ಟ್ಸ್ ಆಸುಪಾಸಿನಲ್ಲಿ, ಹೆಂಗಸರದ್ದು ಸುಮಾರು 200ರ ಆಸುಪಾಸಿನಲ್ಲಿ ಇರುತ್ತೆ. ಇದು ದೇಹದ ವ್ಯತ್ಯಾಸ, ನಿಜ. ಆದರೆ ಅದಕ್ಕೆ ಪರಿಹಾರವೂ ಯಾವತ್ತೋ ಇದೆ. ತಗ್ಗು ಶ್ರುತಿಗೆ ದೊಡ್ಡ ಮೃದಂಗ, ಹೆಚ್ಚು ಶ್ರುತಿಗೆ ಚಿಕ್ಕ ಮೃದಂಗ. ವಾದ್ಯ ಬದಲಿಸಿದರೆ ಮುಗೀತು. ಶ್ರುತಿಯೇ ಸಮಸ್ಯೆಯಾಗಿದ್ದರೆ ಪಟ್ಟಮ್ಮಾಳ್ ಅವರಿಗೆ ಹೊಂದಿಕೊಂಡದ್ದು ಬೇರೆಯವರಿಗೆ ಯಾಕೆ ಹೊಂದಲಿಲ್ಲ?

ಘಟಂ ನುಡಿಸುವ ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರ ಅನುಭವ ಕೇಳಿ. ವಿಕ್ಕು ವಿನಾಯಕರಾಮ್ ಮತ್ತು ಅವರ ತಂದೆ ಹರಿಹರ ಶರ್ಮ ಅವರ ಬಳಿ ಕಲಿತವರು. ಆದರೂ ಹೆಣ್ಣು ಘಟಂ ನುಡಿಸುವ ವೇದಿಕೆಯಲ್ಲಿ ನಾನು ಕೂರಲ್ಲ ಅಂದ ಮೃದಂಗದವರನ್ನು ಅವರು ಕಂಡಿದ್ದಾರೆ. ಸುಕನ್ಯಾ ಆಮೇಲೆ 'ಸ್ತ್ರೀ ತಾಳ ತರಂಗ' ಅನ್ನೋ ಹೆಂಗಸರ ತಂಡವನ್ನೇ ಕಟ್ಟಿದರು. ನಾಗರತ್ನಮ್ಮ ಹಿಡಿದ ದಾರಿಯೇ, ಅರ್ಧ ಶತಮಾನ ದಾಟಿದ ಮೇಲೆ!

ಈಗ ಕಾಲ ಬದಲಾಗಿದೆ ಅಂತೀರಿ. ಒಂದು ಮಟ್ಟಿಗೆ ಹೌದು. ಆದರೆ ಗಣೇಶನ ಹಬ್ಬದ ಆರ್ಕೆಸ್ಟ್ರಾ ನೆನಪು ಮಾಡಿಕೊಳ್ಳಿ. ಹುಡುಗ ಹಾಡಿದರೆ 'ಏನ್ ಕಂಠ ಗುರೂ' ಅಂತಾರೆ. ಹುಡುಗಿ ಹಾಡಿದರೆ ಮೊದಲು ಶಿಳ್ಳೆ, ಆಮೇಲೆ ಡ್ರೆಸ್ಸಿನ ಮಾತು, ಹಾಡಿನ ಮಾತು ಬಂದರೆ ಬಂತು. ಹಿಂದೆ ಡ್ರಮ್ಸ್, ರಿದಂ ಪ್ಯಾಡ್, ಬೇಸ್ ಗಿಟಾರ್ ಹಿಡಿದವರಲ್ಲಿ ಹುಡುಗಿಯರನ್ನು ಎಷ್ಟು ಸಲ ನೋಡಿದ್ದೀರಿ? ಅಪರೂಪಕ್ಕೆ ಒಬ್ಬಳು ಕಂಡರೆ 'ಹುಡುಗಿಯಾದ್ರೂ ಚೆನ್ನಾಗಿ ಬಾರಿಸ್ತಾಳೆ' ಅಂತೀವಿ. ಆ 'ಆದ್ರೂ' ಇದೆಯಲ್ಲ, ಮ್ಯೂನಿಕ್‌ನಲ್ಲಿ ಸರಿದದ್ದು ಅದೇ ಪರದೆ.

ಇದು ನನಗೆ ಬರೀ ಸಂಗೀತದ ವಿಷಯ ಅಲ್ಲ. ದಿನಾ ರಾತ್ರಿ ನಿಮ್ಮ ಮನೆಯ ಟಿವಿಯಲ್ಲಿ ಕೂರುವ ಹೆಣ್ಣು ನಾನು. ಚುನಾವಣೆಯ ಚರ್ಚೆ ಮುಗಿದ ಮೇಲೆ ನನ್ನ ಜೊತೆ ಕೂತ ಗಂಡಸು ಆಂಕರ್‌ಗೆ 'ಆ ಪ್ರಶ್ನೆ ಸೂಪರ್ ಸಾರ್' ಅಂತ ಮೆಸೇಜ್ ಬರುತ್ತೆ. ನನಗೆ 'ಸೀರೆ ಕಲರ್ ಚೆನ್ನಾಗಿತ್ತು ಮೇಡಂ' ಅಂತ. ಬರೆದವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಬರೆದಿರ್ತಾರೆ. ಆದರೆ ಆ ಪ್ರಶ್ನೆಗಳಲ್ಲಿ ಅರ್ಧ ಕೇಳಿದ್ದು ನಾನೇ ಸ್ವಾಮಿ!

ನಷ್ಟ ಬರೀ ಹೆಂಗಸರದ್ದಲ್ಲ, ಕೇಳುವವರದ್ದೂ ಹೌದು. ಕೊನಂಟ್ ಅವರನ್ನು ಹಿಂದಿನ ಸಾಲಿಗೆ ತಳ್ಳಿದಷ್ಟು ವರ್ಷ, ತಾವೇ ಒಪ್ಪಿದ ಅತ್ಯುತ್ತಮ ನಾದ ಮ್ಯೂನಿಕ್‌ನ ಶ್ರೋತೃಗಳಿಗೆ ಮುಂದಿನ ಸಾಲಿನಲ್ಲಿ ಸಿಗಲಿಲ್ಲ. ತಿರುವೈಯಾರಿನಲ್ಲಿ ಬಾಯಿ ಮುಚ್ಚಿಸಿದ ದನಿಗಳು ಹೇಗಿದ್ದವೋ, ಇನ್ನು ಯಾರಿಗೂ ಕೇಳಿಸೋದಿಲ್ಲ.

ಹಾಗಾಗಿ ಒಂದು ಸಣ್ಣ ಕೆಲಸ ಮಾಡಿ. ಮುಂದಿನ ಸಲ ರಿಯಾಲಿಟಿ ಶೋನಲ್ಲೋ, ಊರ ಜಾತ್ರೆಯಲ್ಲೋ ಹುಡುಗಿಯೊಬ್ಬಳು ಹಾಡಿದಾಗ ಮೊದಲ ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿ. ಅಭಿಪ್ರಾಯ ಆಮೇಲೆ ಹೇಳಿ. ಮತ್ತೆ ನಿಮ್ಮ ಮನೆ ಹುಡುಗಿ 'ಅಪ್ಪ, ನಾನು ಡ್ರಮ್ಸ್ ಕಲೀತೀನಿ' ಅಂದರೆ, ಭರತನಾಟ್ಯಕ್ಕೆ ಸೇರ್ಕೋ ಅಂತ ಹೇಳೋ ಮುಂಚೆ, ಎರಡು ಕಡ್ಡಿ ಕೊಟ್ಟು ಅವಳು ಬಾರಿಸೋದನ್ನ ಒಂದ್ಸಲ ಕೇಳಿ.